ಮೂವತ್ತೆರಡನೆಯ ಅರ್ಥಕ್ಕೆ ಮೂರನೆಯ ಸಾಕ್ಷಿ

ಶುಕ್ರವಾರ ಬೆಳಗಿನ ಐದೂ ಮುಕ್ಕಾಲು. ಹ್ಯಾಲಿಫ್ಯಾಕ್ಸ್ ಊರಿನ ಹಳೆಯ ಉಣ್ಣೆ ಗಿರಣಿಯ ನೆಲಮಾಳಿಗೆಯಲ್ಲಿ ಎನಿಡ್ ಥೀಕರ್ ಕೋಟು ಬಿಚ್ಚದೆ ನಿಂತಿದ್ದಾರೆ. ಹೀಟರ್ ಶುರುವಾಗುವುದು ಎಂಟು ಗಂಟೆಗೆ. ತುದಿ ಕತ್ತರಿಸಿದ ಕೈಗವಸಿನಿಂದ ಹೊರಗೆ ಇಣುಕುವ ಬೆರಳುಗಳಿಗೆ ಬಾಯಿಯ ಹಬೆ ಊದಿಕೊಳ್ಳುತ್ತ, ಹದಿನಾರು ಅಡಿ ಉದ್ದದ ಮೇಜಿನ ಮೇಲಿಂದ ಕಾಗದದ ಚೀಟಿಗಳ ಒಂದೊಂದೇ ಕಟ್ಟನ್ನು ಎತ್ತಿಕೊಳ್ಳುತ್ತಾರೆ. ಅಂಚು ತಟ್ಟಿ ಸಮ ಮಾಡುತ್ತಾರೆ. ಬಿಳಿಯ ಹತ್ತಿ ಲಾಡಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ, ರಟ್ಟಿನ ಪೆಟ್ಟಿಗೆಯೊಳಗೆ ಇಡುತ್ತಾರೆ. ಇಟ್ಟ ಮೇಲೆ ಒಂದು ಸಲ ಅಂಗೈಯಿಂದ ಮುಟ್ಟುತ್ತಾರೆ, ಮಲಗಿಸಿದ ಮಗುವನ್ನು ಮುಟ್ಟಿ ನೋಡುವ ಹಾಗೆ.

"ರಬ್ಬರ್ ಬ್ಯಾಂಡ್ ಹಾಕಿದ್ರೆ ಅರ್ಧ ಗಂಟೆ ಕೆಲಸ," ಎನ್ನುತ್ತಾರೆ ಅವರು, ತಲೆ ಎತ್ತದೆ. "ಆದ್ರೆ ರಬ್ಬರ್ ಹತ್ತು ವರ್ಷಕ್ಕೆ ಕರಗಿ ಕಾಗದ ತಿನ್ನುತ್ತೆ. ಲಾಡಿ ತಿನ್ನಲ್ಲ. ನಮ್ಮಪ್ಪ ಬಲೆಗೆ ಹಾಕ್ತಿದ್ದ ಗಂಟು ಇದು. ಎಳೆದ್ರೆ ಬಿಗಿಯುತ್ತೆ, ತಳ್ಳಿದ್ರೆ ಬಿಚ್ಚುತ್ತೆ. ಬಿಚ್ಚೋರು ಯಾರು ಅನ್ನೋದು ಬೇರೆ ಮಾತು."

ಒಂಬತ್ತು ಗಂಟೆಗೆ ವ್ಯಾನು ಬರುತ್ತದೆ. ನಾನ್ನೂರ ಹನ್ನೆರಡು ಪೆಟ್ಟಿಗೆಗಳು ಚೆಷರ್ ಸೀಮೆಯ ಒಂದು ಉಪ್ಪಿನ ಗಣಿಗೆ ಹೋಗುತ್ತವೆ. ನೆಲದಿಂದ ನೂರೈವತ್ತು ಮೀಟರ್ ಕೆಳಗೆ, ಉಪ್ಪು ತೆಗೆದು ಖಾಲಿಯಾದ ಗುಹೆಗಳಲ್ಲಿ, ಯಾರಿಗೂ ಬೇಡವಾದರೂ ಸುಡಲು ಮನಸ್ಸಾಗದ ಕಾಗದಗಳನ್ನು ಇಡುತ್ತಾರೆ. ಅಲ್ಲಿ ತೇವವಿಲ್ಲ, ಇಲಿಯಿಲ್ಲ, ಬೆಳಕಿಲ್ಲ. ಉತ್ತರ ಸೀಮೆಯ ಆಡುಮಾತಿನ ನಿಘಂಟು ಈ ದಿನಕ್ಕೆ ಮುಗಿಯಿತು. ಎ ಅಕ್ಷರದಿಂದ ಹೊರಟದ್ದು ಆರ್ ಅಕ್ಷರದ ಮೊದಲಲ್ಲೇ ನಿಂತಿದೆ. ದುಡ್ಡು ಕೊಡುತ್ತಿದ್ದ ಮಂಡಳಿ ಇನ್ನು ಕೊಡುವುದಿಲ್ಲ ಎಂದಿದೆ. ಬುಧವಾರ ಸಂಜೆ ನಾಲ್ಕಕ್ಕೆ ಮುಚ್ಚಿದ ಕೊನೆಯ ಪದ, ಮೂರೇ ಸದ್ದಿನ ಒಂದು ಪುಟ್ಟ ಪದ: ರ‍್ಯಾಕ್.

ಆ ಪದದ ಚೀಟಿಗಳನ್ನು ಎನಿಡ್ ಕೊನೆಗೆ ಉಳಿಸಿಕೊಂಡಿದ್ದಾರೆ. ಸಾವಿರದ ನೂರ ನಲವತ್ತು ಚೀಟಿಗಳು, ಒಂಬತ್ತು ಕಟ್ಟುಗಳು. ಅಂಗೈಯಗಲದ ಪ್ರತಿ ಚೀಟಿಯ ಮೇಲೂ ಯಾರೋ ಎಲ್ಲೋ ಎಂದೋ ಆಡಿದ ಅಥವಾ ಬರೆದ ಒಂದು ವಾಕ್ಯ, ಊರಿನ ಹೆಸರು, ವರ್ಷ.

ಎನಿಡರಿಗೆ ಈಗ ಎಪ್ಪತ್ತು. ಮೂವತ್ತಮೂರು ವರ್ಷಗಳಿಂದ ಇಲ್ಲಿ ಚೀಟಿ ವಿಂಗಡಿಸುತ್ತಾರೆ. ಅರ್ಥ ಬರೆಯುವುದು ಅವರ ಕೆಲಸವಲ್ಲ, ಅದಕ್ಕೆ ಸಂಪಾದಕರಿದ್ದಾರೆ. ಯಾವ ವಾಕ್ಯ ಯಾವ ಅರ್ಥಕ್ಕೆ, ಯಾವ ಅರ್ಥ ಯಾವ ಮೂಲಕ್ಕೆ ಸೇರಬೇಕೆಂದು ನೋಡಿ ರಾಶಿ ಹಾಕುವುದಷ್ಟೇ ಇವರದು. ದಿನಕ್ಕೆ ಇನ್ನೂರ ನಲವತ್ತು ಚೀಟಿ. ಹಟಮಾರಿ ಪದವಾದರೆ ನಲವತ್ತೂ ಆಗುವುದಿಲ್ಲ. ಅಚ್ಚಾದ ಹನ್ನೊಂದು ಸಂಪುಟಗಳಲ್ಲಿ ಎಲ್ಲಿಯೂ ಇವರ ಹೆಸರಿಲ್ಲ. ಮೊದಲ ಪುಟದಲ್ಲಿ 'ಕಚೇರಿಯ ಸಿಬ್ಬಂದಿಗೆ' ಎಂದು ಒಂದು ಸಾಲು ಇದೆ. ಅದರಲ್ಲಿ ಇವರೂ ಇದ್ದಾರೆ, ಹೀಟರ್ ರಿಪೇರಿಯವನೂ ಇದ್ದಾನೆ.

ಇದೇ ಗಿರಣಿಯ ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ, ಮೊಮ್ಮಕ್ಕಳಾದ ಮೇಲೆ, ನಾನು ಓದು ಕಲಿತದ್ದು. ಆ ಮೆಟ್ಟಿಲ ಮೇಲೆ ನಮ್ಮ ಪರಿಚಯ. ಆಗಿನಿಂದ ಇವರು ನನ್ನನ್ನು ಏಕವಚನದಲ್ಲೇ ಕರೆಯುವುದು.

"ಬಾ, ಇಲ್ನೋಡು," ಎಂದು ಮೇಜಿನ ಆ ತುದಿಗೆ ಕರೆದೊಯ್ಯುತ್ತಾರೆ. "ಒಂದೇ ಬೀದೀಲಿ ಒಂದೇ ಅಡ್ಡಹೆಸರಿನ ಒಂಬತ್ತು ಮನೆ ಇದ್ರೆ ಎಲ್ಲಾ ನೆಂಟ್ರು ಅಂದ್ಕೊಳ್ತಾರೆ ಜನ. ಅಲ್ಲ. ಒಂಬತ್ತೂ ಬೇರೆ ಬೇರೆ ದಿಕ್ಕಿಂದ ಬಂದೋರು. ಇದು ಹಾಲೆಂಡಿನ ಕಡೆಯಿಂದ ಬಂದಿದ್ದು. ಸಾಮಾನು ಇಡೋ ರ‍್ಯಾಕು, ಕುದುರೆ ಹುಲ್ಲಿನ ರ‍್ಯಾಕು, ಬಟ್ಟೆ ಎಳೆದು ಒಣಗಿಸೋ ರ‍್ಯಾಕು. ಈ ಗುಡ್ಡದ ತುಂಬ ಇತ್ತಂತೆ, ಮರದ ಚೌಕಟ್ಟಿನ ಕೊಕ್ಕೆಗೆ ಸಿಗ್ಸಿ ಉಣ್ಣೆ ಬಟ್ಟೆ ಎಳೀತಿದ್ರು. ಬಟ್ಟೆ ಎಳೆಯೋದು ಕಲಿತೋರು ಮನುಷ್ಯರನ್ನೂ ಎಳೆಯೋಕೆ ಒಂದು ಮಾಡ್ಕೊಂಡ್ರು. ನಿಜ ಹೇಳ್ಸೋಕೆ. ಅದೂ ಇದೇ ಮನೇದೇ."

ಎರಡನೆಯ ಕಟ್ಟು ಫ್ರಾನ್ಸಿನ ದ್ರಾಕ್ಷಿತೋಟದ್ದು: ಹಿಪ್ಪೆ ತಳದಲ್ಲೇ ಉಳಿಯುವಂತೆ ತಿಳಿಯನ್ನು ಬೇರೆ ಪೀಪಾಯಿಗೆ ಬಗ್ಗಿಸುವುದು. ಮೂರನೆಯದು ಅರಬ್ಬಿಯಿಂದ ಹಡಗು ಹತ್ತಿ ಬಂದ ಸಾರಾಯಿ. ಮೂಲದಲ್ಲಿ ಅದರ ಅರ್ಥ ಬೆವರು. ನಾಲ್ಕನೆಯದು ಕುರಿಗಳು ತುಳಿದು ತುಳಿದು ಆದ ಗುಡ್ಡದ ದಾರಿ. ಐದನೆಯದು ಕುದುರೆಯ ಒಂದು ನಡಿಗೆ. "ಇದಕ್ಕೆ ತಾಯಿ ತಂದೆ ಗೊತ್ತಿಲ್ಲ. ಅನಾಥ," ಎನ್ನುತ್ತಾರೆ ಎನಿಡ್. ಆಮೇಲೆ ಕುರಿಯ ಪಕ್ಕೆಲುಬಿನ ಮಾಂಸ, ಜಿಂಕೆಯ ಕೊಂಬು. ಎಂಟನೆಯದು ಹಾಳು, ಸರ್ವನಾಶ. "ಕಚೇರಿ ಮುಚ್ಚೋ ಸುದ್ದಿ ಬಂದ ದಿನ ನಮ್ಮ ಸಂಪಾದಕರು, ಹಾರ್ಸ್‌ಫಾಲ್, ಈ ಕಟ್ಟನ್ನ ಮಂಡಳಿಯವರಿಗೆ ಪೋಸ್ಟ್ ಮಾಡಿ ಅಂದ್ರು. ಅವರು ನಗಾಡಿದ್ದು ನಾನು ನೋಡಿದ್ದು ಅದೊಂದೇ ಸಲ."

ಒಂಬತ್ತನೆಯ ಕಟ್ಟಿನ ಮುಂದೆ ಅವರ ಕೈ ನಿಧಾನವಾಗುತ್ತದೆ. ಇದು ನಾರ್ವೆ ಕಡೆಯ ಸಮುದ್ರದ ಮೇಲಿಂದ ಬಂದದ್ದು: ಕೆಳಗೆ ಎಲೆಯೂ ಅಲುಗದಿರುವಾಗ ಬಹಳ ಎತ್ತರದಲ್ಲಿ ಓಡುವ ಹರಕು ಮೋಡ. ಈ ಕಟ್ಟಿನ ಹಿಂದೆ, ಕಂದು ಬಣ್ಣದ ರಟ್ಟಿನ ಆಚೆಗೆ, ಬೇರೆಯಾಗಿ ಇಟ್ಟ ಮೂರು ಚೀಟಿಗಳಿವೆ. ರಟ್ಟಿನ ಮೇಲೆ ಸಂಪಾದಕರ ಕೈಬರಹ: ಸಾಕ್ಷಿ ಸಾಲದು.

ನಿಘಂಟಿಗೆ ಹೋಗಿರುವುದು ರ‍್ಯಾಕ್ ಪದದ ಮೂವತ್ತೊಂದು ಅರ್ಥಗಳು. ರಟ್ಟಿನ ಆಚೆ ಇರುವುದು ಮೂವತ್ತೆರಡನೆಯದು. ಎನಿಡ್ ಇಷ್ಟು ವರ್ಷ ಈ ನೆಲಮಾಳಿಗೆಯಲ್ಲಿ ಕೂತದ್ದು ಅದಕ್ಕಾಗಿ.

*

ಅವರು ಹುಟ್ಟಿದ್ದು ಯಾರ್ಕ್‌ಷರಿನ ಕರಾವಳಿಯ ಸ್ಕಾರ್‌ನೆಸ್ ಎಂಬ ಮೀನುಗಾರರ ಹಳ್ಳಿಯಲ್ಲಿ. ನಲವತ್ತು ಮನೆ, ಹನ್ನೊಂದು ದೋಣಿ. ಆ ಊರಿನ ಹೆಂಗಸರಿಗೆ ಒಂದು ಪದ್ಧತಿಯಿತ್ತು. ದೋಣಿಗಳು ಹೋದ ಮೇಲೆ ಆಕಾಶದಲ್ಲಿ ಹರಕು ಮೋಡ ಓಡುವುದು ಕಂಡರೆ, ಕಂಡವಳು ಬೀದಿಗೆ ಬಂದು 'ರ‍್ಯಾಕ್ ಹಿಡೀತು' ಎಂದು ಕೂಗುತ್ತಿದ್ದಳು. ಕೂಡಲೇ ಮನೆಮನೆಯಲ್ಲೂ ಒಲೆಯ ಮೇಲಿನ ಕೆಟಲ್ ಇಳಿಯುತ್ತಿತ್ತು. ಬಟ್ಟೆ ಒಗೆಯುವಂತಿಲ್ಲ, ಉಣ್ಣೆ ಸುತ್ತುವಂತಿಲ್ಲ, ರೊಟ್ಟಿ ಕೊಯ್ಯುವಂತಿಲ್ಲ. ಎಲ್ಲರೂ ಬಂಡೆಯ ಅಂಚಿನ ಗೋಡೆಗೆ ಬಂದು ನಿಲ್ಲಬೇಕು. ಕೊನೆಯ ದೋಣಿ ಎಣಿಕೆಗೆ ಬಂದಾಗ ಊರಿನ ಹಿರಿಯ ಹೆಂಗಸು 'ರ‍್ಯಾಕ್ ಬಿಡ್ತು' ಎನ್ನುತ್ತಾಳೆ. ಆಗ ಮನೆಗೆ ಹೋಗಿ ಕೆಟಲ್ ಇಡಬಹುದು. ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ನಡುವಿನ ಆ ಹೊತ್ತೇ ರ‍್ಯಾಕ್. ಅದು ಮೋಡದ ಹೆಸರಲ್ಲ, ಗಾಳಿಯ ಹೆಸರೂ ಅಲ್ಲ, ಕಾಯುವುದರ ಹೆಸರು.

ಸಾವಿರದ ಒಂಬೈನೂರ ಅರವತ್ತೊಂದರ ಅಕ್ಟೋಬರ್. ಎನಿಡರಿಗೆ ಎಂಟು ವರ್ಷ. ತಾಯಿ ಹನ್ನಾಳ ಏಪ್ರನ್ ಹಿಡಿದು ಗೋಡೆಯ ಬಳಿ ನಿಂತಿದ್ದಾರೆ.

"ಹತ್ತು ದೋಣಿ ಬಂತು. ಹತ್ತು ಹೆಂಗಸರು ಗಂಡಂದಿರನ್ನ ಬೈಕೊಂಡು ಬೈಕೊಂಡು ಕರ್ಕೊಂಡು ಹೋದ್ರು. ಬೈಯೋದು ಅಂದ್ರೆ ಖುಷಿಗೆ. ನಮ್ಮಮ್ಮನೂ ಬೈಯೋಕೆ ರೆಡಿಯಾಗಿ ನಿಂತಿದ್ಲು. ಕತ್ತಲಾಯ್ತು. ಆಗ ಊರಿಗೆ ಹಿರಿಯೋಳು ಅಂದ್ರೆ ನಮ್ಮೂರ ಲೆಟಿಸ್ ಆಂಟಿಯ ತಾಯಿ. ಆ ಮುದುಕಿ ನಮ್ಮಮ್ಮನ ಮುಖ ನೋಡಿದ್ಲು. ನಮ್ಮಪ್ಪನ ದೋಣಿ ಬಂದಿಲ್ಲ, 'ಬಿಡ್ತು' ಅನ್ನೋ ಹಾಗಿಲ್ಲ. ಏನೂ ಅನ್ದೇ ಹೊರಟುಹೋದ್ಲು. ಅಷ್ಟೇ. ಆವತ್ತಿಂದ ನಮ್ಮಮ್ಮನಿಗೆ ಯಾರೂ ಬಿಡ್ತು ಅನ್ಲಿಲ್ಲ."

ಹತ್ತೊಂಬತ್ತನೆಯ ವಯಸ್ಸಿಗೆ ಎನಿಡ್ ತಾಯಿಯನ್ನು ಕರೆದುಕೊಂಡು ಹ್ಯಾಲಿಫ್ಯಾಕ್ಸಿಗೆ ಬಂದರು. ಮಿಠಾಯಿ ಕಾರ್ಖಾನೆಯಲ್ಲಿ ಟಾಫಿಗೆ ಕಾಗದ ಸುತ್ತುವ ಕೆಲಸ ಸಿಕ್ಕಿತು. ಸಮುದ್ರ ಇಲ್ಲಿಂದ ಎಪ್ಪತ್ತು ಮೈಲಿ. ಆದರೂ ಹನ್ನಾ ಹಿತ್ತಿಲ ಕಿಟಕಿಗೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಿದ್ದಳು. ಮೇಲೆ ಮೋಡ ಓಡಿದ ದಿನ ಕೆಟಲ್ ಇಳಿಸಿಬಿಡುತ್ತಿದ್ದಳು. ದುಡಿದು ಬಂದ ಮಗಳಿಗೆ ಬಿಸಿ ಚಹಾ ಇಲ್ಲ, ಕೊಯ್ದ ರೊಟ್ಟಿಯಿಲ್ಲ. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಏನ್ ಹನ್ನಾ, ಇವತ್ತು ಚಹಾ ಉಂಟೋ ಇಲ್ವೋ? ಬಿಬಿಸಿಯವರ ಹವಾಮಾನ ನಿನ್ನ ಕೇಳ್ಕೊಂಡೇ ಹೇಳ್ತಾರಂತೆ!" ಎಂದು ತಮಾಷೆ ಮಾಡುತ್ತಿದ್ದರು. ಕೊನೆಕೊನೆಗೆ ಡಾಕ್ಟರ್ ಬಂದರು. ಏನಮ್ಮ ಮಾಡ್ತಾ ಇದೀರಿ ಇಲ್ಲಿ ಎಂದು ಕೇಳಿದರು.

"ರ‍್ಯಾಕ್‌ನಲ್ಲಿದ್ದೀನಿ ಅಂದ್ಲು ಅಮ್ಮ. ಡಾಕ್ಟರ್ ನನ್ನ ಕಡೆ ನೋಡಿದ್ರು. ನಾನು, ಅದು ನಮ್ಮೂರ ಮಾತು ಅಂದೆ. 'ಅಂಥ ಮಾತು ಇಲ್ಲಮ್ಮ' ಅಂದ್ರು. ಒಳ್ಳೆಯ ಮನುಷ್ಯನೇ. ಮನೆಗೆ ಹೋಗಿ ನಿಘಂಟು ತೆಗೆದು ನೋಡಿದ್ರಂತೆ. ಇರ್ಲಿಲ್ಲ. ಕಾಗದದ ಮೇಲೆ ಬುದ್ಧಿ ಸ್ಥಿಮಿತ ಇಲ್ಲ, ಅರ್ಥವಿಲ್ಲದ ಶಬ್ದ ಆಡ್ತಾರೆ ಅಂತ ಬರೆದ್ರು. ಆಸ್ಪತ್ರೆಗೆ ಹಾಕಿದ್ವಿ. ಅಲ್ಲಿ ಕಿಟಕಿ ಬಹಳ ಮೇಲಿತ್ತು."

ಹನ್ನಾ ಎಂಬತ್ತೆಂಟನೆಯ ಇಸವಿಯಲ್ಲಿ ತೀರಿಕೊಂಡಳು. ಇಪ್ಪತ್ತೇಳು ವರ್ಷ ಕಾದಿದ್ದಳು.

ಮೂರು ವರ್ಷದ ನಂತರ ಮಿಠಾಯಿ ಕಾರ್ಖಾನೆ ಜನ ಕಡಿಮೆ ಮಾಡಿದಾಗ, ನಿಘಂಟು ಕಚೇರಿ 'ಚುರುಕು ಬೆರಳಿನವರು' ಬೇಕೆಂದು ಹಾಕಿದ ಜಾಹೀರಾತು ನೋಡಿ ಎನಿಡ್ ಇಲ್ಲಿಗೆ ಬಂದರು. ಬಂದ ಮೊದಲ ತಿಂಗಳಲ್ಲೇ ಆರ್ ಅಕ್ಷರದ ಟ್ರೇಯ ಧೂಳು ಒರೆಸುವಾಗ ಒಂದು ಹಳದಿ ಚೀಟಿ ಕೈಗೆ ಬಂತು. ಮೂವತ್ತೆಂಟನೆಯ ಇಸವಿಯದು, ಸ್ಕಾರ್‌ನೆಸ್ಸಿನ ಪಾದ್ರಿಯ ದಿನಚರಿಯಿಂದ ಬರೆದುಕೊಂಡದ್ದು: 'ಹೆಂಗಸರೆಲ್ಲ ರ‍್ಯಾಕ್‌ನಲ್ಲಿದ್ದರು, ಪ್ರಾರ್ಥನೆಗೆ ಒಬ್ಬರೂ ಬರಲಿಲ್ಲ.'

"ನೆಲದ ಮೇಲೆ ಕೂತ್ಬಿಟ್ಟೆ," ಎನ್ನುತ್ತಾರೆ ಎನಿಡ್. "ಪಾದ್ರಿ ಸಿಟ್ಟಲ್ಲಿ ಬರೆದಿದ್ದ. ನನಗೆ ಅವನ ಕೈಗೆ ಮುತ್ತು ಕೊಡೋಣ ಅನ್ನಿಸ್ತು. ಇದೆ ಕಣೇ, ಮಾತು ಇದೆ. ಅಮ್ಮ ಹುಚ್ಚಿ ಅಲ್ಲ. ಅವಳು ಒಂದು ಕೆಲಸ ಮಾಡ್ತಾ ಇದ್ಲು, ಆ ಕೆಲಸಕ್ಕೆ ಹೆಸರಿದೆ."

ಆದರೆ ಒಂದು ಚೀಟಿಯಿಂದ ನಿಘಂಟಿನಲ್ಲಿ ಅರ್ಥ ಹುಟ್ಟುವುದಿಲ್ಲ. ಈ ಮನೆಯ ಕಟ್ಟಳೆ ಕಟ್ಟುನಿಟ್ಟು. ಮೂರು ಸಾಕ್ಷಿ ಬೇಕು, ಮೂರೂ ಬೇರೆ ಬೇರೆ ಜನರದು. ಕಚೇರಿಯವರ ಮಾತಾಗಲಿ ಅವರ ರಕ್ತಸಂಬಂಧಿಗಳ ಮಾತಾಗಲಿ ಲೆಕ್ಕಕ್ಕಿಲ್ಲ. ಬಾಯಿಮಾತಿನ ಸಾಕ್ಷಿಯಾದರೆ ಇನ್ನೊಂದು ಷರತ್ತು: ಕೇಳುವವರು ಆ ಪದವನ್ನು ತಾವಾಗಿ ಮೊದಲು ಆಡಬಾರದು. ವಸ್ತು ತೋರಿಸಬಹುದು, ಸುತ್ತಿ ಬಳಸಿ ಕೇಳಬಹುದು. ಪದ ಮಾತ್ರ ಹೇಳುವವರ ಬಾಯಿಂದಲೇ ತಾನಾಗಿ ಬರಬೇಕು. ಚೀಟಿಯ ಕೆಳಗಿನ ಮೂಲೆಯಲ್ಲಿ ಎರಡು ಪುಟ್ಟ ಚೌಕಗಳಿವೆ: 'ತಾನಾಗಿ ಹೇಳಿದ್ದು', 'ಹೇಳಿಸಿದ್ದು'. ಒಂದಕ್ಕೆ ಗುರುತು ಹಾಕಬೇಕು. ಹೇಳಿಸಿದ್ದಾದರೆ ಆ ಚೀಟಿ ಸತ್ತಂತೆ. ಗುರುತು ಹಾಕುವಾಗ ನೋಡುವವರು ಯಾರೂ ಇರುವುದಿಲ್ಲ. ಇಡೀ ನಿಘಂಟು ನಿಂತಿರುವುದು ಆ ನಂಬಿಕೆಯ ಮೇಲೆ.

ಹನ್ನಾ ಜೀವಂತವಿದ್ದರೂ ಅವಳ ಮಾತು ನಡೆಯುತ್ತಿರಲಿಲ್ಲ, ಮಗಳು ಇಲ್ಲಿರುವವರೆಗೆ. ಎನಿಡರ ಮಾತಂತೂ ನಡೆಯುವುದೇ ಇಲ್ಲ. ಎರಡನೆಯ ಸಾಕ್ಷಿ ತೊಂಬತ್ತೊಂಬತ್ತರಲ್ಲಿ ಸಿಕ್ಕಿತು: ಅರವತ್ತನಾಲ್ಕರ ಒಂದು ಪತ್ರಿಕೆಗೆ ನಿವೃತ್ತ ಮೇಷ್ಟರೊಬ್ಬರು ಬರೆದ ಓಲೆ. ಮೂರನೆಯದು ಸಿಗಲಿಲ್ಲ. ನಿಘಂಟು ಅಕ್ಷರದ ಸರದಿಯಂತೆ ನಡೆಯುತ್ತದೆ, ಎ ಬಿಟ್ಟು ಆರ್‌ಗೆ ಹಾರುವಂತಿಲ್ಲ. ಊರೂರಿಗೆ ಹೋಗಿ ಮಾತು ಹೆಕ್ಕುವವರು ಬೇರೆ ಇದ್ದರು, ಅವರೂ ಸರದಿಯ ಅಕ್ಷರದ ಮಾತನ್ನಷ್ಟೇ ಹೆಕ್ಕುತ್ತಿದ್ದರು. ಅವರನ್ನು ಎರಡು ಸಾವಿರದ ಒಂಬತ್ತರಲ್ಲಿ ತೆಗೆದುಹಾಕಿದರು. ಅಷ್ಟರಲ್ಲಿ ಸ್ಕಾರ್‌ನೆಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಹೋದರು. ಆ ಮನೆಗಳು ಈಗ ರಜೆಗೆ ಬರುವವರಿಗೆ ವಾರದ ಬಾಡಿಗೆಗೆ. ಗೋಡೆಯ ಬಳಿ ಒಂದು ಬೆಂಚು ಹಾಕಿದ್ದಾರೆ, ಫೋಟೋ ತೆಗೆದುಕೊಳ್ಳಲು.

"ಹನ್ನೊಂದು ಸಂಪುಟ ಕಟ್ಟೋವಾಗ್ಲೂ ಒಂದೇ ಯೋಚನೆ. ಎಂ ಬಂತು, ಒಬ್ಬಳು ಹೋದ್ಲು. ಪಿ ಬಂತು, ಇಬ್ರು ಹೋದ್ರು. ನಾನು ಅಕ್ಷರ ಮುಂದೆ ತಳ್ಳೋಕಾಗಲ್ಲ, ಅವರ್ನ ಹಿಂದೆ ಹಿಡಿಯೋಕಾಗಲ್ಲ."

ಕಳೆದ ಶರತ್ಕಾಲದಲ್ಲಿ ಕಚೇರಿ ಮುಚ್ಚುವ ದಿನ ಗೊತ್ತಾದಾಗ ಉಳಿದಿದ್ದದ್ದು ಒಬ್ಬರೇ. ಲೆಟಿಸ್ ಅನ್‌ಥ್ಯಾಂಕ್, ತೊಂಬತ್ತನಾಲ್ಕು ವರ್ಷ, ವ್ಹಿಟ್‌ಬಿಯ ಒಂದು ವೃದ್ಧಾಶ್ರಮದಲ್ಲಿ. ಅಂದು 'ಬಿಡ್ತು' ಎನ್ನದೆ ಹೊರಟುಹೋದ ಮುದುಕಿಯ ಮಗಳು.

*

ಒಂದು ರೈಲು, ಎರಡು ಬಸ್ಸು. ಹೋಗಲು ಐದು ಗಂಟೆ. ಎನಿಡ್ ತಮ್ಮ ರಜೆಯ ದಿನಗಳಲ್ಲಿ ಆರು ಸಲ ಹೋದರು. ಚೀಲದಲ್ಲಿ ಶುಂಠಿ ಬಿಸ್ಕತ್ತು, ಖಾಲಿ ಚೀಟಿಗಳು, ಪೆನ್ಸಿಲ್. ಮೊದಲ ಭೇಟಿಯನ್ನು ಅವರು ಇಬ್ಬರ ದನಿಯಲ್ಲೂ ಆಡಿ ತೋರಿಸುತ್ತಾರೆ.

"ಲೆಟಿಸ್ ಆಂಟಿ, ಹವಾ ಕೆಟ್ಟ ದಿನ ನೀವೆಲ್ಲ ಗೋಡೆ ಹತ್ರ ಏನ್ ಮಾಡ್ತಿದ್ರಿ?"

"ಕಾಯ್ತಿದ್ವಿ. ಇನ್ನೇನ್ ಕುಣೀತಿದ್ವಾ?"

"ಹಾಗೆ ಕಾಯೋದಕ್ಕೆ ಏನಂತಿದ್ರಿ?"

"ಕಾಯೋದಕ್ಕೆ ಕಾಯೋದು ಅಂತಾರೆ ಕಣೇ. ಮೂವತ್ತು ವರ್ಷ ಪುಸ್ತಕದ ಮನೇಲಿದ್ದೋಳು, ಇಷ್ಟೂ ಗೊತ್ತಿಲ್ವಾ? ನಿಮ್ಮಪ್ಪನಿಗೂ ಹೀಗೇ, ತಲೆ ಇತ್ತು, ಒಳಗೆ ದೀಪ ಇರ್ಲಿಲ್ಲ."

ಎರಡನೆಯ ಸಲ ಎನಿಡ್ ಕೆಟಲ್ ಬಗ್ಗೆ ಕೇಳಿದರು. ಲೆಟಿಸ್ ಆಂಟಿ ಆಶ್ರಮದ ಚಹಾ ಎಷ್ಟು ನೀರು ಎಂದು ಒಂದು ಗಂಟೆ ಹೇಳಿದರು. ಮೂರನೆಯ ಸಲ ಊರಿನ ಹಳೆಯ ಫೋಟೋ ಒಯ್ದರು. ಫೋಟೋದಲ್ಲಿರುವ ಪ್ರತಿಯೊಬ್ಬಳ ಗುಟ್ಟೂ ಹೊರಬಂತು, ಪದ ಬರಲಿಲ್ಲ. ಐದನೆಯ ಸಲ ಬಂದೇಬಿಟ್ಟಿತ್ತು. "ಮೋಡ ಕಂಡೋಳು ಬೀದಿಗೆ ಬಂದು ಕೂಗೋಳು..." ಎಂದು ಲೆಟಿಸ್ ಆಂಟಿ ಬಾಯಿ ತೆರೆದರು. ಎನಿಡ್ ಪೆನ್ಸಿಲ್ ಹಿಡಿದರು. ಬಾಗಿಲು ತಳ್ಳಿಕೊಂಡು ಚಹಾದ ಗಾಡಿ ಬಂತು. "ಕಸ್ಟರ್ಡ್ ಬೇಕಾ ಕೇಕ್ ಬೇಕಾ ಅಜ್ಜಿ?" ಎಂದಳು ಗಾಡಿಯ ಹುಡುಗಿ. ಅಜ್ಜಿ ಕಸ್ಟರ್ಡ್ ಎಂದರು. ಕೂಗುವವಳು ಬೀದಿಯಲ್ಲೇ ಉಳಿದಳು.

ಆರನೆಯ ಸಲ, ಈ ತಿಂಗಳ ಮೊದಲ ವಾರ. ಎದೆಯಲ್ಲಿ ಕಫ ಕಟ್ಟಿ ಲೆಟಿಸ್ ಆಂಟಿ ಹಾಸಿಗೆ ಹಿಡಿದಿದ್ದರು. ಎನಿಡರ ಗುರುತು ಸಿಗಲಿಲ್ಲ. ಕಣ್ಣು ಗೋಡೆಯ ಕಡೆ. ಮೂರು ಗಂಟೆ ಎನಿಡ್ ಪಕ್ಕದಲ್ಲಿ ಕೂತರು, ಕೇಳಬಹುದಾದ ಎಲ್ಲವನ್ನೂ ಕೇಳಿದರು. ಉತ್ತರವಿಲ್ಲ. ಕೊನೆಯ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಕಿಟಕಿಯ ಹೊರಗೆ, ಬಂದರಿನ ಮೇಲೆ, ಬಹಳ ಎತ್ತರದಲ್ಲಿ ಹರಕು ಮೋಡ ಓಡುತ್ತಿತ್ತು.

"ನನಗೇನಾಯ್ತೋ," ಎನ್ನುತ್ತಾರೆ ಎನಿಡ್. ಕೈಯಲ್ಲಿನ ಲಾಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾರೆ. "ಮೂವತ್ತಮೂರು ವರ್ಷದಿಂದ ಬೇರೆಯವರ ಚೀಟೀಲಿ ಈ ತಪ್ಪು ಹುಡುಕಿ ಹುಡುಕಿ ತೆಗೆದೋಳು ನಾನು. ಅವರ ಕಿವಿ ಹತ್ರ ಬಗ್ಗಿ, 'ಆಂಟಿ, ರ‍್ಯಾಕ್ ಹಿಡೀತು' ಅಂದ್ಬಿಟ್ಟೆ."

ಲೆಟಿಸ್ ಆಂಟಿ ಎದ್ದು ಕೂತರಂತೆ.

"ಕೆಟಲ್ ಇಳ್ಸೇ! ಇಳ್ಸು ಅಂದ್ನಲ್ಲ! ಯಾವಾಗ ಹಿಡೀತು ರ‍್ಯಾಕು? ನಮ್ಮವ್ವ ಎಲ್ಲಿ? ಎಷ್ಟ್ ಬಂತು?" ಆಮೇಲೆ ಹೊದಿಕೆಯ ಮೇಲೆ ಬೆರಳಿಟ್ಟು ದೋಣಿಗಳನ್ನು ಹೆಸರು ಹಿಡಿದು ಎಣಿಸಿದರು, ಒಂದಾದ ಮೇಲೆ ಒಂದು, ಹತ್ತು. ಹತ್ತರ ನಂತರ ಎನಿಡರ ಮುಖ ನೋಡಿದರು. ಕೈ ಹಿಡಿದುಕೊಂಡರು.

"ಹನ್ನಾ," ಎಂದರು, "ನಿಂದೊಂದು ಬರ್ಬೇಕು."

"ನಾನು ಕಾಯ್ತಾ ಕೂತೆ," ಎನ್ನುತ್ತಾರೆ ಎನಿಡ್. "ಚೀಟಿ ಮರ್ತೇ ಹೋಯ್ತು. ಈಗ ಊರಿಗೆ ಹಿರಿಯೋಳು ಅಂದ್ರೆ ಇವರೇ ತಾನೆ? ಬಿಡ್ತು ಅಂತಾರೇನೋ, ಅಮ್ಮನಿಗೆ ಅಂತ. ಅನ್ಲಿಲ್ಲ. ದೋಣಿ ಬಂದಿಲ್ವಲ್ಲ, ಹೇಗಂತಾರೆ? ಹಾಗೇ ಒರಗಿಕೊಂಡ್ರು. ಬಸ್ಸು ಹೊರಟುಹೋಯ್ತು."

ಒಂಬತ್ತು ದಿನಕ್ಕೆ ಲೆಟಿಸ್ ಅನ್‌ಥ್ಯಾಂಕ್ ತೀರಿಕೊಂಡರು.

*

ಆ ರಾತ್ರಿ ನಿಲ್ದಾಣದ ಬೆಂಚಿನ ಮೇಲೆ ಎನಿಡ್ ಚೀಟಿ ಬರೆದರು. ಮುದುಕಿ ಆಡಿದ ವಾಕ್ಯ, ಹೆಸರು, ವಯಸ್ಸು, ಊರು, ದಿನಾಂಕ. ಕೋಣೆಯಲ್ಲಿ ಇದ್ದದ್ದು ಇಬ್ಬರೇ. ಈಗ ಒಬ್ಬರೇ ಉಳಿದಿದ್ದಾರೆ. ಎರಡು ಚೌಕಗಳ ನಡುವೆ ಅರ್ಧ ಬೆರಳಿನ ಅಂತರ.

ಈ ವಾರದ ಸೋಮವಾರ ಸಂಪಾದಕ ಕ್ಲೈವ್ ಹಾರ್ಸ್‌ಫಾಲ್ ಅವರ ಮೇಜಿನ ಮೇಲೆ ಆ ಚೀಟಿ ಇತ್ತು. ಇಪ್ಪತ್ತು ವರ್ಷದಿಂದ ಈ ನಿಘಂಟನ್ನು ಎಳೆದುಕೊಂಡು ಬಂದ ಮನುಷ್ಯ. ಅವರಿಗೆ ಹನ್ನಾಳ ಕಥೆ ಗೊತ್ತು. ಎನಿಡರನ್ನು ಕರೆಸಿದಾಗ ನಾನೂ ಪೆಟ್ಟಿಗೆ ತುಂಬಿಸುವ ನೆರವಿಗೆಂದು ಅಲ್ಲೇ ಇದ್ದೆ.

"ಎನಿಡ್, ಈ ಗುರುತು ನೋಡಿ. ಬಸ್ ಸ್ಟ್ಯಾಂಡಲ್ಲಿ ಬರೆದಿದ್ದೀರಿ. ಬೆಳಕು ಕಡಿಮೆ ಇತ್ತೇನೋ."

"ಬೆಳಕು ಚೆನ್ನಾಗಿತ್ತು."

"ಕೈ ಜಾರಿರಬಹುದು. ಇಷ್ಟು ಚಿಕ್ಕ ಚೌಕ. ಎಲ್ಲರಿಗೂ ಆಗುತ್ತೆ."

"ನಂಗೆ ಆಗಲ್ಲ."

ಹಾರ್ಸ್‌ಫಾಲ್ ಕನ್ನಡಕ ತೆಗೆದು ಟೈಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ಬುಧವಾರ ನಾಲ್ಕರವರೆಗೂ ಈ ಪುಟ ತೆರೆದಿಟ್ಟಿರ್ತೀನಿ. ಚೀಟಿ ನಿಮ್ಮ ಹತ್ರ ಇರ್ಲಿ. ಇನ್ನೊಂದು ಸಲ ಯೋಚನೆ ಮಾಡಿ."

ಎನಿಡ್ ಚೀಟಿಯನ್ನು ಮನೆಗೆ ಒಯ್ದರು. ಮಂಗಳವಾರ ತಂದರು, ಮತ್ತೆ ಒಯ್ದರು. ಬುಧವಾರ ಮಧ್ಯಾಹ್ನ ಮೂರೂವರೆಗೆ ತಂದು ಸಂಪಾದಕರ ಮುಂದೆ ಇಟ್ಟರು. ಗುರುತು 'ಹೇಳಿಸಿದ್ದು' ಎಂಬ ಚೌಕದಲ್ಲೇ ಇತ್ತು. ಪೆನ್ಸಿಲ್ ಗುರುತು ಅಳಿಸಿಹೋಗದಿರಲೆಂದು ಅದರ ಮೇಲೆ ಇಂಕಿನಲ್ಲಿ ತಿದ್ದಿದ್ದರು.

"ಅದು ಅಮ್ಮನ ಮಾತು. ಇಲ್ಲಿ ಹತ್ತು ಲಕ್ಷ ಚೀಟಿ ಇದೆ," ಎಂದು ಈಗ ನನಗೆ ಹೇಳುತ್ತಾರೆ. "ಎಲ್ಲಾ ಯಾರ ಯಾರದೋ ಅಮ್ಮಂದಿರ ಮಾತು. ಒಂದಕ್ಕೆ ನಾನು ಸುಳ್ಳು ಸಾಕ್ಷಿ ಹಾಕಿದ್ರೆ ಉಳಿದಿದ್ದನ್ನೆಲ್ಲ ಯಾಕೆ ನಂಬಬೇಕು? ನಾಳೆ ಯಾರಾದ್ರೂ ಪುಸ್ತಕ ತೆಗೆದು, ಹೌದು, ಹನ್ನಾ ಥೀಕರ್ ಹುಚ್ಚಿ ಅಲ್ಲ ಅಂದ್ರೆ, ಅದು ನಿಜ ಆಗಿರ್ಬೇಕಲ್ವಾ? ನಾನು ಬರೆಸಿದ್ದು ಆಗಿರ್ಬಾರ್ದು." ಲಾಡಿಯ ಗಂಟು ಎಳೆದು ಬಿಗಿದು, "ಹೀಗೆಲ್ಲ ಹೇಳ್ತೀನಿ. ಒಂದೊಂದು ಬೆಳಿಗ್ಗೆ ಎದ್ದಾಗ, ಎಂಥ ಹೆಂಗಸು ನಾನು, ಹೆತ್ತ ತಾಯಿಗೆ ಒಂದು ಗೀಟು ಎಳೀಲಿಲ್ವಲ್ಲ ಅನ್ನಿಸುತ್ತೆ."

ಇಂಥದಕ್ಕೆ ಏನು ಹೇಳಬೇಕೆಂದು ರಾತ್ರಿ ಶಾಲೆಯಲ್ಲಿ ಯಾರೂ ಕಲಿಸಲಿಲ್ಲ.

ವ್ಯಾನು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬರುತ್ತದೆ. ಇಬ್ಬರು ಗಂಡಸರು, ಗಾಲಿಯ ಕೈಗಾಡಿ. ದಪ್ಪಗಿರುವವನ ಹೆಸರು ಡ್ಯಾರಿಲ್.

"ಏನ್ ಅಜ್ಜಿ, ಚಿನ್ನಾನಾ ಇದ್ರಲ್ಲಿ? ಸೊಂಟ ಬಿದ್ದುಹೋಯ್ತು!"

"ಮಾತು ಕಣಪ್ಪ, ಬರೀ ಮಾತು."

"ನಮ್ಮ ಮನೆಯೋಳದ್ದೂ ಹಾಕ್ಕೊಂಡು ಹೋಗ್ಲಾ? ಒಂದು ಗಣಿ ಸಾಲಲ್ಲ."

ಎನಿಡ್ ನಗುತ್ತಾರೆ. ನಗುತ್ತಲೇ ಕೊನೆಯ ಪೆಟ್ಟಿಗೆಯ ಜೊತೆ ಮೆಟ್ಟಿಲ ತುದಿಯವರೆಗೂ ಹೋಗುತ್ತಾರೆ. "ಇದನ್ನ ಅಡ್ಡ ಮಲಗಿಸ್ಬೇಡ ಮಗನೇ. ನಿಲ್ಸೇ ಇಡು. ಒಂಬತ್ತನೇ ಕಟ್ಟಿನ ಹಿಂದೆ ಮೂರು ಚೀಟಿ ಸಡಿಲ ಇದೆ."

"ನಮ್ಮಜ್ಜಿ ಹೆರಿಂಗ್ ಮೀನಿಗೆ ಉಪ್ಪು ತುಂಬ್ತಿದ್ಲು ಪೀಪಾಯೀಲಿ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಚಳಿಗಾಲಕ್ಕೆ ಯಾರಾದ್ರೂ ತೆಗೆದು ತಿಂತಾರೆ ಅಂತ ನಂಬ್ಕೆ ಇರ್ತಿತ್ತು. ಇದಕ್ಕೆ ಅದೂ ಇಲ್ಲ."

ವ್ಯಾನಿನ ಬಾಗಿಲು ಮುಚ್ಚುತ್ತದೆ. ಹಾರ್ಸ್‌ಫಾಲ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತು, ಎನಿಡರ ಕೈ ಕುಲುಕಿ ಒಳಗೆ ಹೋಗುತ್ತಾರೆ. ಹದಿನಾರು ಅಡಿಯ ಮೇಜು ಖಾಲಿ. ಮಧ್ಯಾಹ್ನ ಅದನ್ನೂ ಯಾರೋ ಕೊಂಡೊಯ್ಯುತ್ತಾರಂತೆ, ಮದುವೆ ಮನೆಗಳಿಗೆ ಬಾಡಿಗೆಗೆ ಕೊಡಲು.

ನಾವಿಬ್ಬರೂ ಗಿರಣಿಯ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಕೂರುತ್ತೇವೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನಗೆ ಕೊಡುತ್ತಾರೆ. ತಮಗೆ ಬಗ್ಗಿಸಿಕೊಳ್ಳಲು ಹೋದವರು ನಿಲ್ಲುತ್ತಾರೆ. ಬೀದಿಯಲ್ಲಿ ಗಾಳಿಯಿಲ್ಲ. ಮೇಲೆ, ಗಿರಣಿಯ ಹೊಗೆಗೂಡಿನಿಂದಲೂ ಬಹಳ ಮೇಲೆ, ಬಿಳಿಯ ಹರಕುಗಳು ಪೂರ್ವದ ಕಡೆ, ಸಮುದ್ರದ ಕಡೆ, ಓಡುತ್ತಿವೆ. ಎನಿಡ್ ಫ್ಲಾಸ್ಕಿನ ಮುಚ್ಚಳ ಹಾಕಿ ಪಕ್ಕಕ್ಕಿಡುತ್ತಾರೆ.

ನಾನು ಬೆರಳು ಎತ್ತಿ ಮೇಲೆ ತೋರಿಸುತ್ತೇನೆ. ಕೇಳಬೇಕೆಂದು ಬಾಯಿ ತೆರೆಯುತ್ತೇನೆ.

"ನೀನು ಬೇಡ ಕಣೇ," ಎನ್ನುತ್ತಾರೆ ಅವರು ಮೆಲ್ಲಗೆ. "ನಿನಗೆ ನಾನೇ ಹೇಳಿಕೊಟ್ಟಿದ್ದೀನಿ. ನನ್ನಿಂದಲೇ ಕಲಿತು ನನ್ನನ್ನೇ ಕೇಳಿದ್ರೆ ಅದು ಹೇಳಿಸಿದ್ದಾಗುತ್ತೆ."

ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಆಕಾಶ ನೋಡುತ್ತಾರೆ.

"ಇವತ್ತು ಸಂಜೆಗೆ ನಾನು ಕಚೇರಿಯೋಳಲ್ಲ. ನಾಳೆಯಿಂದ ನನ್ನ ಮಾತು ಸಾಕ್ಷಿಗೆ ನಡೆಯುತ್ತೆ. ಆ ಮಾತು ಬಲ್ಲೋರು ಅಂತ ಉಳಿದಿರೋದೂ ಇನ್ನು ನಾನೊಬ್ಳೇ. ಬರ್ಕೊಳ್ಳೋರು ಇಲ್ಲ, ಇರ್ಲಿ. ಗೊತ್ತೇ ಇಲ್ದೋರು ಯಾರಾದ್ರೂ, ದಾರೀಲಿ ಹೋಗೋರಾದ್ರೂ ಸರಿ, ಸಾಯೋದ್ರೊಳಗೆ ಒಂದು ಸಲ, ಮೇಲೆ ಕೈ ತೋರ್ಸಿ, ಅಮ್ಮಾ, ನಿಮ್ಮ ಕಡೆ ಹೀಗೆ ಕೂತು ಕಾಯೋದಕ್ಕೆ ಏನಂತೀರಿ ಅಂತ ಕೇಳ್ಲಿ. ನಾನಾಗೇ ಹೇಳ್ತೀನಿ."